ವಾಪಸ್ ಬರುವುದೂ ಅದೇ ಕಾರಿನಲ್ಲಿ

ಬೆಂಗಳೂರಿನಲ್ಲಿ ವೇಗದ ಹುಚ್ಚಿಗೆ ಬರವಿಲ್ಲ. ಆ ಹುಚ್ಚನ್ನು ಕಾನೂನಿನೊಳಗೇ ತೀರಿಸಿಕೊಳ್ಳೋಣವೆಂದರೆ ಸುತ್ತಮುತ್ತ ಗೋ-ಕಾರ್ಟ್ ಓಡಿಸುವ ಜಾಗಗಳಿವೆಯೇ ಹೊರತು ಕಾರು ಓಡಿಸುವಷ್ಟು ದೊಡ್ಡ ಸರ್ಕ್ಯೂಟ್ ಇಲ್ಲ. ಹಾಗಾಗಿ ಇಲ್ಲಿನವರಿಗೆ ಟ್ರ್ಯಾಕ್ ಡೇ ಎಂದರೆ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಸುಮಾರು 300 ಕಿಲೋಮೀಟರ್ ಪಯಣ. ರಾಮಾನುಜಾಚಾರ್ಯರ ಹುಟ್ಟೂರು ಶ್ರೀಪೆರಂಬುದೂರಿನ ಪಕ್ಕದ ಇರುಂಗಾಟ್ಟುಕೊಟ್ಟೈನಲ್ಲಿ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್ ಇದೆ, ಒಂದು ಸುತ್ತಿಗೆ 3.7 ಕಿ.ಮೀ. ಇನ್ನೂ ಸ್ವಲ್ಪ ದೂರ ಹೋಗುವವರು ಸೇಲಂ ಮಾರ್ಗವಾಗಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುತ್ತಾರೆ. ಅದರ ಸುತ್ತು ಚಿಕ್ಕದು, ಸುಮಾರು 2.1 ಕಿ.ಮೀ.

ಟ್ರ್ಯಾಕ್ ಡೇ ರೇಸ್ ಅಲ್ಲ. ಬಹುಮಾನವಿಲ್ಲ, ಗೆದ್ದವರು ಸೋತವರು ಇಲ್ಲ. ಶುಲ್ಕ ಕಟ್ಟಿ, ಹೆಲ್ಮೆಟ್ ಹಾಕಿ, 15-20 ನಿಮಿಷಗಳ ಸರದಿಗಳಲ್ಲಿ ತಮ್ಮದೇ ಕಾರನ್ನು ಶಕ್ತಿಮೀರಿ ಓಡಿಸುವ ದಿನ ಅದು. ಬಂದವರಲ್ಲಿ ಹೆಚ್ಚಿನವರ ಕಾರು ಸೋಮವಾರ ಮತ್ತೆ ಆಫೀಸಿಗೆ ಹೋಗಬೇಕಾದ ಪೋಲೊ, ಸ್ವಿಫ್ಟ್ ಅಥವಾ ಹಳೆಯ ಹೋಂಡಾ ಸಿಟಿ. ಇಂಥ ಕಾರು ಕೆಟ್ಟರೆ ತಲೆನೋವು ಎರಡು ಬಗೆಯದು. ಒಂದು, ಗಂಟೆಗೆ 150 ಕಿ.ಮೀ. ವೇಗದಲ್ಲಿ ಕೆಡುವುದು. ಇನ್ನೊಂದು, ಭಾನುವಾರ ಸಂಜೆ, ಬಿಡಿಭಾಗದ ಅಂಗಡಿಗಳೆಲ್ಲ ಬಾಗಿಲು ಹಾಕಿರುವಾಗ, ಮನೆಯಿಂದ 300 ಕಿ.ಮೀ. ದೂರದಲ್ಲಿ ಕೆಡುವುದು. ಅನುಭವಿಗಳು ಎರಡನೆಯದಕ್ಕೂ ಮೊದಲನೆಯದರಷ್ಟೇ ತಯಾರಿ ಮಾಡಿಕೊಂಡು ಹೊರಡುತ್ತಾರೆ.

ಟ್ರ್ಯಾಕ್‌ನಲ್ಲಿ ಕಾರು ಕೆಡಲು ದೊಡ್ಡ ಕಾರಣ ಬಿಸಿ, ಅದರ ಹಿಂದೆಯೇ ಬರುವುದು ಅದುರಾಟಕ್ಕೆ ಸಡಿಲಗೊಂಡ ನಟ್ಟು-ಕ್ಲಿಪ್ಪುಗಳು. ಎರಡೂ ಒಮ್ಮೆಲೇ ಕೈಕೊಡುವುದು ಅಪರೂಪ. ಒಂದೆರಡು ಸುತ್ತು ಮೊದಲೇ ಪೆಡಲಿನಲ್ಲೋ, ಮೂಗಿಗೋ, ಸ್ಟೀರಿಂಗ್ ಹಿಡಿದ ಬೆರಳಿಗೋ ಸುಳಿವು ಕೊಡುತ್ತವೆ. ಆದರೆ ಮುಂದಿನ ಕಾರನ್ನು ಹಿಂದಿಕ್ಕುವ ಉಮೇದಿನಲ್ಲಿ ಇರುವವರಿಗೆ ಆ ಸುಳಿವು ಕೇಳಿಸುವುದಿಲ್ಲ. ಯಾವ ಲಕ್ಷಣ ಕಂಡರೆ ಪಿಟ್‌ಗೆ ಬರಬೇಕು ಎಂಬುದನ್ನು ಹೆಲ್ಮೆಟ್ ಹಾಕುವ ಮೊದಲೇ ನಿರ್ಧರಿಸಿಕೊಂಡವರ ಕಾರುಗಳೇ ಹೆಚ್ಚಾಗಿ ಸ್ವಂತ ಚಕ್ರಗಳ ಮೇಲೆ ಮನೆ ಸೇರುತ್ತವೆ.

ಮೊದಲು ಬ್ರೇಕು. ಒಂದು ಲೆಕ್ಕ ಹಾಕಿ ನೋಡಬಹುದು. ಚಾಲಕನೂ ಸೇರಿ 1200 ಕೆ.ಜಿ. ತೂಗುವ ಕಾರು ನೇರ ದಾರಿಯ ಕೊನೆಯಲ್ಲಿ 160ರಿಂದ 70ಕ್ಕೆ ಇಳಿದರೆ ಕಳೆದುಕೊಳ್ಳುವ ಶಕ್ತಿ ಸುಮಾರು 960 ಕಿಲೋಜೂಲ್. 30 ಡಿಗ್ರಿಯ ಮೂರು ಲೀಟರ್ ನೀರನ್ನು ಕುದಿಸಲು ಅಷ್ಟು ಸಾಕು. ಅದರಲ್ಲಿ ಹೆಚ್ಚಿನ ಪಾಲು ನಾಲ್ಕೈದು ಸೆಕೆಂಡುಗಳಲ್ಲಿ ಡಿಸ್ಕ್ ಮತ್ತು ಪ್ಯಾಡ್‌ಗಳೊಳಗೆ ಬಿಸಿಯಾಗಿ ಇಳಿಯುತ್ತದೆ. ಪ್ರತಿ ಸುತ್ತಿನಲ್ಲೂ ಇಂಥ ತಿರುವುಗಳು ಹಲವು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ನಡೆದ ಬ್ರೇಕುಗಳು ಟ್ರ್ಯಾಕ್‌ನ ನಾಲ್ಕನೇ ಸುತ್ತಿಗೇ ಸೋಲುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಸೋಲುವುದರಲ್ಲೂ ಎರಡು ಬಗೆ, ಎರಡನ್ನೂ ಕಾಲೇ ಗುರುತಿಸಬೇಕು. ಪೆಡಲ್ ಎಂದಿನಂತೆ ಗಟ್ಟಿಯಾಗಿದ್ದು ಕಾರು ಮಾತ್ರ ನಿಲ್ಲುತ್ತಿಲ್ಲ, ಜತೆಗೆ ಘಾಟು ಬಡಿಯುತ್ತಿದೆ ಎಂದರೆ ಪ್ಯಾಡ್ ಬಿಸಿಯಾಗಿ ಹಿಡಿತ ಕಳೆದುಕೊಂಡಿದೆ. ಒಂದೆರಡು ಸುತ್ತು ನಿಧಾನಕ್ಕೆ ಓಡಿಸಿದರೆ ಅದು ಬಹುಮಟ್ಟಿಗೆ ಸುಧಾರಿಸುತ್ತದೆ. ಪೆಡಲ್ ಮೆತ್ತಗಾಗಿ ನೆಲದವರೆಗೆ ಹೋಗುತ್ತಿದ್ದರೆ ವಿಷಯ ಬೇರೆ: ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆಗಳಾಗಿದೆ. ಕಾಲಿನ ಒತ್ತಡವೆಲ್ಲ ಆ ಗುಳ್ಳೆಗಳನ್ನು ಅಮುಕುವುದರಲ್ಲೇ ಕಳೆದುಹೋಗುತ್ತದೆ, ಪ್ಯಾಡ್‌ವರೆಗೆ ಮುಟ್ಟುವುದಿಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಬ್ಬಿಯ ಮೇಲೆ ಎರಡು ಕುದಿಬಿಂದು ಅಚ್ಚಾಗಿರುವುದು ಅದಕ್ಕೇ. ಡಾಟ್ 4 ದರ್ಜೆಗೆ ಹೊಸತರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ಶೇ 3.7ರಷ್ಟು ನೀರು ಸೇರಿದ ಮೇಲೆ 155. ಡಾಟ್ 3ಕ್ಕೆ 205 ಮತ್ತು 140. ಡಾಟ್ 5.1ಕ್ಕೆ 260 ಮತ್ತು 180. ರೇಸಿಂಗ್‌ಗೆಂದೇ ಮಾರುವ ಆಯಿಲ್‌ಗಳು ಹೊಸತರಲ್ಲಿ 300 ದಾಟುತ್ತವೆ, ಆದರೆ ಅವನ್ನು ಬೇಗ ಬೇಗ ಬದಲಿಸಬೇಕು. ಮೂರು ವರ್ಷದಿಂದ ಮುಟ್ಟದ ಆಯಿಲ್ ಇಟ್ಟುಕೊಂಡು ದುಬಾರಿ ಪ್ಯಾಡ್ ಹಾಕಿಸುವವರು ಪ್ರತಿ ಟ್ರ್ಯಾಕ್ ಡೇಯಲ್ಲೂ ಸಿಗುತ್ತಾರೆ. ದುಡ್ಡು ತಪ್ಪು ಡಬ್ಬಿಗೆ ಹೋಗಿರುತ್ತದೆ. ಡಾಟ್ 5 ಎಂಬ ಸಿಲಿಕೋನ್ ಆಯಿಲ್ ಬೇರೆಯದೇ ಜಾತಿ. ಸಂಖ್ಯೆ ದೊಡ್ಡದೆಂದು ಅದನ್ನು ಸುರಿಯಬಾರದು.

ಓಡುತ್ತಿರುವಾಗಲೇ ಪೆಡಲ್ ನೆಲ ಮುಟ್ಟಿದರೆ ಪಟಪಟನೆ ಮೂರು-ನಾಲ್ಕು ಬಾರಿ ಒತ್ತಿ ಬಿಡಬೇಕು. ಸ್ವಲ್ಪವಾದರೂ ಒತ್ತಡ ಮರಳುವುದು ಹೆಚ್ಚು. ಜತೆಗೇ ಒಂದೊಂದಾಗಿ ಗೇರ್ ಇಳಿಸುತ್ತ ಎಂಜಿನ್ನಿನ ತಡೆ ಪಡೆಯಬೇಕು. ತಿರುವು ತೆಗೆದುಕೊಳ್ಳಲಾಗದಷ್ಟು ವೇಗವಿದ್ದರೆ ಸ್ಟೀರಿಂಗ್ ಜಗ್ಗುವುದಕ್ಕಿಂತ ನೇರವಾಗಿ ಪಕ್ಕದ ಖಾಲಿ ಜಾಗಕ್ಕೆ ಇಳಿಸುವುದು ಕ್ಷೇಮ, ಆ ಜಾಗ ಬಿಟ್ಟಿರುವುದೇ ಅದಕ್ಕೆ. ಬಚಾವಾಗಿ ಪಿಟ್‌ಗೆ ಬಂದ ಮೇಲೆ ಕೈ ತಾನಾಗಿ ಹ್ಯಾಂಡ್‌ಬ್ರೇಕ್ ಕಡೆ ಹೋಗುತ್ತದೆ, ಎಳೆಯಬಾರದು. ಕೆಂಡವಾಗಿರುವ ಡಿಸ್ಕ್ ಅಥವಾ ಡ್ರಮ್ಮಿಗೆ ಲೈನಿಂಗ್ ಅಂಟಿಕೊಂಡರೆ ಆಮೇಲೆ ಬ್ರೇಕ್ ಹಿಡಿದಾಗಲೆಲ್ಲ ಕಾರು ನಡುಗುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಟ್ಟರೆ ಸಾಕು.

ಕುದಿದ ಆಯಿಲ್ ತಣ್ಣಗಾದ ಮೇಲೂ ಮೊದಲಿನಂತಿರುವುದಿಲ್ಲ, ಏರ್ ತೆಗೆಯಲೇಬೇಕು. ಪಿಟ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಇದೇ ನೋಟ: ಒಬ್ಬ ಡ್ರೈವರ್ ಸೀಟಿನಲ್ಲಿ, ಇನ್ನೊಬ್ಬ ಚಕ್ರ ಬಿಚ್ಚಿದ ಕಡೆ ಕುಕ್ಕರಗಾಲಿನಲ್ಲಿ. ಕೈಯಲ್ಲಿ ಖಾಲಿ ನೀರಿನ ಬಾಟಲಿ, ಅದಕ್ಕೆ ಇಳಿಬಿಟ್ಟ ಪಾರದರ್ಶಕ ಪೈಪು. “ಒತ್ತೋ... ಹಿಡ್ಕೊ, ಬಿಡ್ಬೇಡ... ಹ್ಞಾಂ, ಈಗ ಬಿಡು.” ನಿಪ್ಪಲ್ ಸಡಿಲಿಸಿದಾಗ ಕಾಫಿ ಡಿಕಾಕ್ಷನ್ ಬಣ್ಣದ ಆಯಿಲ್ ಜತೆ ಸಣ್ಣ ಗುಳ್ಳೆಗಳು ಪೈಪಿನಲ್ಲಿ ಸಾಲಾಗಿ ಬರುತ್ತವೆ. ಗುಳ್ಳೆ ನಿಂತು, ಹೊಸ ಆಯಿಲ್‌ನ ತಿಳಿ ಹಳದಿ ಬಂದಾಗ ಆ ಚಕ್ರ ಮುಗಿಯಿತು. ನಮ್ಮ ಬಲಗಡೆ ಸ್ಟೀರಿಂಗಿನ ಕಾರುಗಳಲ್ಲಿ ದೂರದ ಚಕ್ರ, ಅಂದರೆ ಹಿಂದಿನ ಎಡದಿಂದ ಶುರು ಮಾಡುವುದು ರೂಢಿ. ಎಬಿಎಸ್ ಇರುವ ಕೆಲವು ಕಾರುಗಳಿಗೆ ಕ್ರಮ ಬೇರೆಯಿರುವುದರಿಂದ ಮ್ಯಾನ್ಯುಯಲ್ ನೋಡಿಕೊಂಡು ಹೋಗಬೇಕು. ಈ ನಡುವೆ ಮೇಲಿನ ಡಬ್ಬಿ ಖಾಲಿಯಾಗಲು ಬಿಟ್ಟರೆ ಮಾಡಿದ್ದೆಲ್ಲ ಮತ್ತೆ ಮೊದಲಿನಿಂದ. ಚಕ್ರ ಹೇಗೂ ಬಿಚ್ಚಿದೆ, ಡಿಸ್ಕನ್ನೂ ನೋಡಿಬಿಡಬೇಕು. ಕೂದಲೆಳೆಯಂಥ ಬಿರುಕುಗಳಿದ್ದರೆ ಗಾಬರಿ ಬೇಡ. ಬಿರುಕು ಅಂಚಿನವರೆಗೆ ಮುಟ್ಟಿದ್ದರೆ ಆ ಡಿಸ್ಕ್ ಇನ್ನು ಟ್ರ್ಯಾಕ್‌ಗೆ ಇಳಿಯಬಾರದು.

ಬ್ರೇಕಿನ ಬಿಸಿ ಎಷ್ಟು ನಿಷ್ಠುರ ಎಂಬುದಕ್ಕೆ ಫಾರ್ಮುಲಾ ಒನ್‌ನಲ್ಲೇ ಒಂದು ಪಾಠವಿದೆ. 2014ರ ಕೆನಡಾ ಗ್ರ್ಯಾನ್ ಪ್ರಿಯಲ್ಲಿ ಮರ್ಸಿಡಿಸ್‌ನ ಎರಡೂ ಕಾರುಗಳಿಗೆ ಒಂದೇ ಕಾಯಿಲೆ ಬಂತು: ಹಿಂದಿನ ಚಕ್ರಗಳ ವೇಗವನ್ನು ವಿದ್ಯುತ್ತಾಗಿ ಬದಲಿಸುವ ವ್ಯವಸ್ಥೆ ಕೈಕೊಟ್ಟಿತು. ಅದು ಹೊರುತ್ತಿದ್ದ ಭಾರವೆಲ್ಲ ಹಿಂದಿನ ಬ್ರೇಕುಗಳ ಮೇಲೆ ಬಿತ್ತು. ಲೂಯಿಸ್ ಹ್ಯಾಮಿಲ್ಟನ್ ಬ್ರೇಕ್ ಕಳೆದುಕೊಂಡು ರೇಸಿನಿಂದ ಹೊರಬಂದರು. ನಿಕೊ ರೋಸ್‌ಬರ್ಗ್ ಅದೇ ತೊಂದರೆಯ ಕಾರನ್ನು ಸಂಭಾಳಿಸಿಕೊಂಡು ಎರಡನೆಯವರಾಗಿ ಮುಗಿಸಿದರು. ಕೋಟ್ಯಂತರ ರೂಪಾಯಿಯ ಕಾರಿಗೂ ಬಿಸಿಯ ಮುಂದೆ ರಿಯಾಯಿತಿ ಇಲ್ಲ.

ಎಂಜಿನ್ ಆಯಿಲ್‌ನ ಕಥೆ ಇದಕ್ಕಿಂತ ದುಬಾರಿ. ಒಳ್ಳೆಯ ಟೈರಿನ ಕಾರು ತಿರುವಿನಲ್ಲಿ ಪಕ್ಕಕ್ಕೆ ಹೊರುವ ಬಲ ಗುರುತ್ವದ ಶೇ 90ರಷ್ಟಾದರೆ, ಆಯಿಲ್ ಚೇಂಬರಿನೊಳಗೆ ಎಣ್ಣೆಯ ಮೇಲ್ಮೈ 40 ಡಿಗ್ರಿಗೂ ಹೆಚ್ಚು ವಾಲುತ್ತದೆ. ಉದ್ದನೆಯ ತಿರುವಿನಲ್ಲಿ ಎಣ್ಣೆಯೆಲ್ಲ ಒಂದು ಗೋಡೆಗೆ ಸರಿದು, ಹೀರುವ ಪೈಪಿನ ಬಾಯಿ ಗಾಳಿಗೆ ತೆರೆದುಕೊಂಡರೆ ಬೇರಿಂಗ್‌ಗಳಿಗೆ ಎಣ್ಣೆ ಇಲ್ಲ. ಎಂಜಿನ್ ಆಗ ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗುತ್ತಿರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಮೇಲಿನ ಗೆರೆಗೆ ಇರುವಂತೆ ನೋಡಿಕೊಳ್ಳುವುದು, ಪ್ರತಿ ಸರದಿಯ ನಂತರ ಮತ್ತೆ ನೋಡುವುದು ಇದಕ್ಕೆ ಅತಿ ಅಗ್ಗದ ಉಪಾಯ. ಗೆರೆ ಮೀರಿ ಸುರಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುವುದರಿಂದ ಅತಿ ಮುತುವರ್ಜಿಯೂ ಕೆಟ್ಟದ್ದೇ. ಪದೇ ಪದೇ ಟ್ರ್ಯಾಕ್‌ಗೆ ಹೋಗುವವರು ಚೇಂಬರಿನೊಳಗೆ ಎಣ್ಣೆಯ ಓಡಾಟ ತಡೆಯುವ ತಗಡುಗಳನ್ನು ಹಾಕಿಸುತ್ತಾರೆ.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನು ಮುನ್ಸೂಚನೆ ಎಂದುಕೊಂಡವರು ಬಹಳ. ಹೆಚ್ಚಿನ ಕಾರುಗಳಲ್ಲಿ ಒತ್ತಡ ಅರ್ಧ ಬಾರ್‌ನ ಆಸುಪಾಸಿಗೆ ಕುಸಿದ ಮೇಲಷ್ಟೇ ಅದು ಹೊತ್ತಿಕೊಳ್ಳುತ್ತದೆ, ಅಂದರೆ ಒತ್ತಡ ಮುಗಿದ ಮೇಲೆ. ತಿರುವಿನಲ್ಲಿ ಕ್ಷಣಕಾಲ ಮಿಣುಕಿದರೂ ಆ ಸರದಿ ಅಲ್ಲಿಗೆ ಮುಗಿಯಿತೆಂದು ನಿಧಾನಕ್ಕೆ ಪಿಟ್‌ಗೆ ಬರಬೇಕು. ಹೊತ್ತಿ ಹಾಗೇ ಉಳಿದರೆ ಪಿಟ್‌ವರೆಗೂ ಕಾಯುವಂತಿಲ್ಲ, ಎಂಜಿನ್ ತಕ್ಷಣ ಬಂದ್. ಇಲ್ಲೊಂದು ಎಚ್ಚರ: ಕೀಯನ್ನು ಒಂದೇ ಹಂತ ಹಿಂದಕ್ಕೆ ತಿರುಗಿಸಬೇಕು, ಪೂರ್ತಿ ತಿರುಗಿಸಿ ಎಳೆದರೆ ಸ್ಟೀರಿಂಗ್ ಲಾಕ್ ಆಗುತ್ತದೆ. ಬಟನ್ ಕಾರುಗಳಲ್ಲಿ ಓಡುವಾಗ ಎಂಜಿನ್ ನಿಲ್ಲಿಸಲು ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕಾಗುತ್ತದೆ. ನಿಂತ ಮೇಲೆ ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕಿನ ಬೂಸ್ಟರ್ ಎರಡು-ಮೂರು ಒತ್ತಿಗಷ್ಟೇ ಒದಗುತ್ತದೆ. ಕಾರು ಉರುಳುತ್ತಿರುವಾಗಲೇ ಸುರಕ್ಷಿತ ಜಾಗ ಹಿಡಿಯಬೇಕು.

ಕೂಲೆಂಟ್ ವಿಷಯದಲ್ಲಿ ಮೀಟರಿನ ಮುಳ್ಳನ್ನು ನಂಬಿ ಕೂರುವುದು ಅಪಾಯ. ಇಂದಿನ ಹಲವು ಕಾರುಗಳಲ್ಲಿ 80 ಡಿಗ್ರಿ ಇರಲಿ, 100 ಇರಲಿ, ಮುಳ್ಳು ನಡುವೆಯೇ ನಿಂತಿರುವಂತೆ ಹೊಂದಿಸಿರುತ್ತಾರೆ. ಅದು ಮೇಲೇಳುವ ಹೊತ್ತಿಗೆ ಪರಿಸ್ಥಿತಿ ಕೈಮೀರುತ್ತಿರುತ್ತದೆ. ಓಬಿಡಿ ಸಾಕೆಟ್ಟಿಗೆ ಚುಚ್ಚುವ ಪುಟ್ಟ ಬ್ಲೂಟೂತ್ ಯಂತ್ರ ಹಾಕಿದರೆ ನಿಜವಾದ ಅಂಕಿ ಮೊಬೈಲಿನಲ್ಲಿ ಕಾಣುತ್ತದೆ. ಬಿಸಿ ಏರುತ್ತಿದ್ದರೆ ಎಸಿ ಆಫ್, ಹೀಟರ್ ಪೂರ್ತಿ ಆನ್, ಫ್ಯಾನ್ ಕೊನೆಯ ನಂಬರಿಗೆ. ಒಳಗಿನ ಪುಟ್ಟ ಹೀಟರ್ ಕೋರ್ ಎರಡನೆಯ ರೇಡಿಯೇಟರ್ ಆಗಿ ಕೆಲಸ ಮಾಡುತ್ತದೆ. ಚೆನ್ನೈ ಬಿಸಿಲಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಹೀಟರ್ ಹಚ್ಚುವುದು ಶಿಕ್ಷೆಯೇ ಸರಿ, ಹೆಡ್ ಗ್ಯಾಸ್ಕೆಟ್ ಬಿಲ್ಲು ಅದಕ್ಕಿಂತ ದೊಡ್ಡ ಶಿಕ್ಷೆ. ಗಾಳಿ ತಾಗುವಂತೆ ನಿಧಾನಕ್ಕೆ ಒಂದು ಸುತ್ತು ಹೊಡೆದು ಬರಬಹುದು. ಪೈಪು ಒಡೆದು ಕೂಲೆಂಟ್ ಸುರಿದುಹೋಗಿದ್ದರೆ ಮಾತ್ರ ಈ ಉಪಾಯ ನಡೆಯದು. ತಂಪು ಮಾಡಲು ಒಳಗೆ ದ್ರವವೇ ಇಲ್ಲ, ಎಂಜಿನ್ ಆಫ್ ಮಾಡಲೇಬೇಕು.

ರೇಡಿಯೇಟರ್ ಮುಚ್ಚಳದ ಕೆಳಗೆ ಸುಮಾರು ಒಂದು ಬಾರ್ ಹೆಚ್ಚುವರಿ ಒತ್ತಡವಿರುವುದರಿಂದಲೇ ಒಳಗಿನ ದ್ರವ 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಬಿಸಿಯಲ್ಲಿ ಮುಚ್ಚಳ ತೆರೆದ ಕ್ಷಣ ಅದು ಉಕ್ಕಿ ಮುಖಕ್ಕೇ ಬರುತ್ತದೆ. ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಸುಕಿದರೆ ಮೆತ್ತಗಿದೆ ಅನ್ನಿಸುವವರೆಗೆ ಕಾಯಬೇಕು. ತಣಿದ ಮೇಲೆ ಆಯಿಲ್ ಮುಚ್ಚಳವನ್ನೂ ತೆಗೆದು ನೋಡಬೇಕು: ಅಡಿಯಲ್ಲಿ ಹಾಲು ಬೆರೆತಂಥ ಕೆನೆ ಕೂತಿದ್ದು, ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ನೀರು-ಎಣ್ಣೆ ಸೇರಿವೆ. ಆ ಕಾರನ್ನು ಸ್ಟಾರ್ಟ್ ಮಾಡದೆ ಟೋಯಿಂಗ್ ಗಾಡಿಗೆ ಫೋನ್ ಮಾಡುವುದೇ ದಾರಿ.

ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್, ಅದರಲ್ಲೂ ಡ್ರೈ ಕ್ಲಚ್ಚಿನವು, ಬಿಸಿಯಾದಾಗ ತಾವೇ ಸುರಕ್ಷಾ ಸ್ಥಿತಿಗೆ ಹೋಗಿ ಕಾರನ್ನು ತೆವಳಿಸುತ್ತವೆ. ಆಗ ಕಾದು ಕೂರುವುದೊಂದೇ ಕೆಲಸ. ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ಪಿಟ್‌ಗೆ ಬಂದು ಕೋಡ್ ಓದಿಸಬಹುದು; ಮಿಟುಕುತ್ತಿದ್ದರೆ ಮಿಸ್‌ಫೈರ್, ಉರಿಯದ ಪೆಟ್ರೋಲು ಕೆಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಅದನ್ನು ಸುಡುತ್ತಿದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬೇಕು. ಒಂದು ಇಗ್ನಿಷನ್ ಕಾಯಿಲ್ ಮತ್ತು ಪ್ಲಗ್ ಜತೆಗಿದ್ದರೆ ಇದು ಹತ್ತು ನಿಮಿಷದ ಕೆಲಸ.

ಚಕ್ರದ ನಟ್ಟುಗಳ ವಿಷಯದಲ್ಲಿ ನಮ್ಮಲ್ಲೊಂದು ವಿಚಿತ್ರ ಅಭ್ಯಾಸವಿದೆ: ವೀಲ್ ಪಾನಾದ ಮೇಲೆ ಹತ್ತಿ ನಿಲ್ಲುವುದು. 70 ಕೆ.ಜಿ. ತೂಕದವರು 30 ಸೆಂಟಿಮೀಟರ್ ಪಾನಾದ ತುದಿಯ ಮೇಲೆ ನಿಂತರೆ ನಟ್ಟಿನ ಮೇಲೆ ಬೀಳುವುದು 200 ನ್ಯೂಟನ್ ಮೀಟರಿಗೂ ಹೆಚ್ಚು. ಹೋಂಡಾ ಸಿಟಿಗೆ ಬೇಕಿರುವುದು 108, ಪೋಲೊಗೆ 120. ಅತಿ ಬಿಗಿದ ಬೋಲ್ಟು ಎಳೆದುಕೊಂಡು ಸೋಲುತ್ತದೆ, ಮುಂದೆ ಯಾವಾಗಲೋ ಮುರಿಯುತ್ತದೆ. ಟಾರ್ಕ್ ವ್ರೆಂಚ್ ಕೊಂಡು, ಮೊದಲ ಸರದಿಯ ನಂತರ ಚಕ್ರ ತಣಿದ ಮೇಲೆ ಮತ್ತೊಮ್ಮೆ ನೋಡುವುದು ಟ್ರ್ಯಾಕ್ ಡೇಯ ಅತಿ ಉಪಯುಕ್ತ ಐದು ನಿಮಿಷ. ಜಾಕ್ ಏರಿಸಿದಾಗ ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಬೇಕು. ಲಟಲಟ ಎಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಹೋಗಿದೆ. ರಿಮ್ಮಿನ ಒಳಗಡೆ ಕಪ್ಪು ಗ್ರೀಸ್ ಚಿಮ್ಮಿದ್ದರೆ ಆಕ್ಸಲ್‌ನ ರಬ್ಬರ್ ಬೂಟ್ ಹರಿದಿದೆ.

ಟ್ರ್ಯಾಕ್ ಮೇಲೆಯೇ ನಿಲ್ಲಬೇಕಾಗಿ ಬಂದರೆ ಕಾರಿನ ಚಿಂತೆ ಆಮೇಲೆ. ಹಿಂದೆ ಬರುವವರಿಗೆ ಗೊತ್ತಾಗುವಂತೆ ಹಜಾರ್ಡ್ ಲೈಟ್ ಹಾಕಿ, ಒಮ್ಮೆಲೇ ಅಡ್ಡ ಬರದೆ ಒಂದೇ ಅಂಚು ಹಿಡಿದು, ಸಾಧ್ಯವಾದರೆ ಮಾರ್ಷಲ್ ನಿಂತಿರುವ ಕಡೆ ಹೊರಗಿಳಿಸಬೇಕು. ಎಣ್ಣೆಯೋ ಕೂಲೆಂಟೋ ಸೋರುತ್ತಿದ್ದರೆ ಪಿಟ್‌ವರೆಗೆ ಎಳೆದೊಯ್ಯುವುದು ಮಹಾಪರಾಧ. ಆ ಗೆರೆಯ ಮೇಲೆ ಮುಂದಿನ ಕಾರು ಜಾರುತ್ತದೆ. ಹಳದಿ-ಕೆಂಪು ಪಟ್ಟೆಯ ಬಾವುಟ ತೋರಿಸುವುದು ಇಂಥ ಜಾರು ನೆಲಕ್ಕೇ. ಕಪ್ಪು ಬಾವುಟದ ನಡುವೆ ಕಿತ್ತಳೆ ವೃತ್ತವಿದ್ದರೆ ‘ನಿಮ್ಮ ಕಾರಿನಲ್ಲೇ ತೊಂದರೆಯಿದೆ, ಒಳಗೆ ಬನ್ನಿ’ ಎಂದು ಅರ್ಥ. 2022ರ ಫಾರ್ಮುಲಾ ಒನ್‌ನಲ್ಲಿ ಹಾಸ್ ತಂಡದ ಕೆವಿನ್ ಮ್ಯಾಗ್ನುಸೆನ್ ಒಂದೇ ಋತುವಿನಲ್ಲಿ ಮೂರು ಬಾರಿ ಅದನ್ನು ಕಂಡರು, ಪ್ರತಿ ಬಾರಿಯೂ ಮುಂದಿನ ರೆಕ್ಕೆಯ ತುಂಡು ಅಲ್ಲಾಡುತ್ತಿದ್ದುದಕ್ಕೆ. ಟ್ರ್ಯಾಕ್ ಡೇಗಳಲ್ಲಿ ಬಾವುಟಗಳ ಬಳಕೆ ಸ್ವಲ್ಪ ಬೇರೆಯಿರಬಹುದು, ಬೆಳಗಿನ ಬ್ರೀಫಿಂಗ್ ತಪ್ಪಿಸಿಕೊಳ್ಳಬಾರದು.

ಬೆಂಕಿ ಕಂಡರೆ ಎಂಜಿನ್ ಆಫ್, ಬೆಲ್ಟ್ ಬಿಚ್ಚಿ ಹೊರಗೆ. ಬೆಂಕಿ ಇಲ್ಲದಿದ್ದರೆ, ಬೇರೆ ಕಾರುಗಳು ಓಡುತ್ತಿರುವಾಗ, ಮಾರ್ಷಲ್ ಹೇಳುವವರೆಗೆ ಬೆಲ್ಟ್ ಹಾಕಿಕೊಂಡು ಒಳಗೇ ಇರುವುದು ಲೇಸು. ಬಾನೆಟ್ಟನ್ನು ಪೂರ್ತಿ ಎತ್ತಿದರೆ ಬೆಂಕಿಗೆ ಗಾಳಿ ಕೊಟ್ಟಂತೆ. ಲಾಚ್ ಬಿಟ್ಟ ಸಂದಿನಿಂದಲೇ ಎಕ್ಸ್‌ಟಿಂಗ್ವಿಷರ್ ಸಿಂಪಡಿಸಬೇಕು. ಇಳಿಯುವ ಗಡಿಬಿಡಿಯಲ್ಲಿ ಕಾರು ಉರುಳುವುದನ್ನೂ ಮರೆಯುವಂತಿಲ್ಲ. 2022ರ ಆಸ್ಟ್ರಿಯಾ ಗ್ರ್ಯಾನ್ ಪ್ರಿಯಲ್ಲಿ ಕಾರ್ಲೋಸ್ ಸೈಂಜ್ ಅವರ ಫೆರಾರಿಯ ಎಂಜಿನ್ ಒಡೆದು ಬೆಂಕಿ ಹತ್ತಿದಾಗ, ಅವರು ನಿಲ್ಲಿಸಿದ್ದ ಜಾಗ ಇಳಿಜಾರು. ಬ್ರೇಕ್ ಬಿಟ್ಟರೆ ಕಾರು ಹಿಂದಕ್ಕೆ ಉರುಳುತ್ತಿತ್ತು, ಬಿಡದಿದ್ದರೆ ಇಳಿಯುವಂತಿಲ್ಲ. ಮಾರ್ಷಲ್ ಚಕ್ರಕ್ಕೆ ಅಡ್ಡ ಕೊಡಲು ಪರದಾಡುತ್ತಿದ್ದಂತೆ ಜ್ವಾಲೆ ಸೀಟಿನವರೆಗೆ ಬಂದಿತ್ತು. ಸೈಂಜ್ ಗಾಯವಿಲ್ಲದೆ ಹಾರಿ ಪಾರಾದರು.

ಇನ್ನು ವಾಪಸ್ ಪ್ರಯಾಣ. ಡಿಕ್ಕಿಯಲ್ಲಿ ಸೀಲು ಒಡೆಯದ ಬ್ರೇಕ್ ಆಯಿಲ್, ಒಂದು ಸೆಟ್ ಪ್ಯಾಡ್, ಎರಡು ಲೀಟರ್ ಎಂಜಿನ್ ಆಯಿಲ್, ಕೂಲೆಂಟ್, ನಾಲ್ಕಾರು ಅಳತೆಯ ಹೋಸ್ ಕ್ಲಿಪ್ಪು, ಫ್ಯೂಸು, ಕಟ್ಟುತಂತಿ, ಎಂ-ಸೀಲ್ ಇದ್ದರೆ ಬಹುಪಾಲು ಸಂಜೆಗಳು ದಾಟುತ್ತವೆ. ಇವನ್ನು ಶುಕ್ರವಾರವೇ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೊಂಡಿಡಬೇಕು, ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯಲ್ಲಿ ನಿಮ್ಮ ಕಾರಿನ ಪ್ಯಾಡ್ ಸಿಗುತ್ತದೆಂಬ ನಂಬಿಕೆ ಬೇಡ. ಹೊರಡುವ ಮೊದಲು ಪ್ಯಾಡ್‌ನಲ್ಲಿ 3 ಮಿ.ಮೀ.ಯಾದರೂ ಉಳಿದಿದೆಯೇ, ಪೆಡಲ್ ಗಟ್ಟಿಯಿದೆಯೇ, ಕಾರಿನಡಿ ನೆಲ ಒಣಗಿದೆಯೇ ಎಂದು ನೋಡಿ, ಟ್ರ್ಯಾಕ್‌ಗೆಂದು ಇಳಿಸಿದ್ದ ಟೈರ್ ಗಾಳಿಯನ್ನು ಬಾಗಿಲಿನ ಸ್ಟಿಕ್ಕರ್ ಹೇಳುವಷ್ಟಕ್ಕೆ ಏರಿಸಬೇಕು. ಸಂಶಯವಿದ್ದರೆ ಸಂಜೆ ನಾಲ್ಕಕ್ಕೇ ಫ್ಲಾಟ್‌ಬೆಡ್ ಗೊತ್ತುಮಾಡುವುದು ರಾತ್ರಿ ಹತ್ತಕ್ಕೆ ವೆಲ್ಲೂರು ಬೈಪಾಸಿನಲ್ಲಿ ಹುಡುಕುವುದಕ್ಕಿಂತ ಸುಲಭ. ಆಟೊಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆಸಬಾರದು.

ವಿಮೆ ಇದೆಯಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಖಾಸಗಿ ಕಾರಿನ ಪಾಲಿಸಿಯಲ್ಲಿ ವಾಹನದ ಬಳಕೆಗೆ ಹಾಕಿರುವ ಮಿತಿಗಳನ್ನು ಓದಿದರೆ, ಸಂಘಟಿತ ರೇಸಿಂಗ್, ವೇಗ ಪರೀಕ್ಷೆ, ಪೇಸ್ ಮೇಕಿಂಗ್, ವಿಶ್ವಾಸಾರ್ಹತೆಯ ಟ್ರಯಲ್ ಇವೆಲ್ಲ ರಕ್ಷಣೆಯಿಂದ ಹೊರಗೆ. ಟ್ರ್ಯಾಕ್ ಡೇ ರೇಸ್ ಅಲ್ಲವೆಂದು ವಾದಿಸಿ ಗೆಲ್ಲುವ ಆಸೆಯ ಮೇಲೆ ಕಾರು ಪಣಕ್ಕಿಡುವುದು ಜಾಣತನವಲ್ಲ. ವಾರಂಟಿಯೂ ಸಾಮಾನ್ಯವಾಗಿ ರೇಸಿಂಗ್ ಬಳಕೆಯನ್ನು ಹೊರಗಿಡುತ್ತದೆ.

ಮನೆ ಮುಟ್ಟಿದ ವಾರ ಮಾಡಲೇಬೇಕಾದದ್ದು ಎಂಜಿನ್ ಆಯಿಲ್ ಬದಲಾವಣೆ. ಅದಕ್ಕೆ ಹತ್ತು ನಿಮಿಷ ಸೇರಿಸಿ ಹಳೆಯ ಫಿಲ್ಟರನ್ನು ಕತ್ತರಿಸಿ ಬಿಡಿಸಿ ನೋಡುವುದು ಒಳ್ಳೆಯದು. ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದಾಗ ಅಲ್ಲೊಂದು ಇಲ್ಲೊಂದು ಬೆಳ್ಳಗಿನ ಕಣ ಕಂಡರೆ ಮುಂದಿನ ಸಲ ಮತ್ತೆ ನೋಡಬಹುದು. ತಾಮ್ರದ ಬಣ್ಣದ ಮಿಂಚು ಕಂಡರೆ ಬೇರಿಂಗಿನ ಮೇಲ್ಪದರ ಸವೆದುಹೋಗಿದೆ. ಮುಂದಿನ ಟ್ರ್ಯಾಕ್ ಡೇಗೆ ಕಟ್ಟಿದ ಶುಲ್ಕ ಹೋದರೂ ಸರಿ, ಆಗಲೇ ಚೇಂಬರ್ ಇಳಿಸಿ ನೋಡಿಸಬೇಕು. ಬೇರಿಂಗ್ ಸೆಟ್ ಮಾತ್ರವಾದರೆ ಕೊಂಡು ಹಾಕಿಸಿದರಾಯಿತು. ಕ್ರ್ಯಾಂಕ್‌ಶಾಫ್ಟ್‌ಗೆ ಗೀರು ಬಿದ್ದಿದ್ದರೆ ಎಂಜಿನ್ ಇಳಿಸಿ, ಕ್ರ್ಯಾಂಕನ್ನು ಗ್ರೈಂಡಿಂಗ್‌ಗೆ ಕಳಿಸಿ, ಅದರ ಅಳತೆಗೆ ಹೊಂದುವ ಬೇರಿಂಗ್ ಹುಡುಕಬೇಕಾಗುತ್ತದೆ.